ಉಪ್ಪು ಎಲ್ಲಿಗೆ ಹೋಗುತ್ತದೆ? ನೀರಾ ಕಣಿವೆಯಿಂದ ನಮ್ಮ ಸೊಸೈಟಿಯ ಸಾಫ್ಟ್‌ನರ್‌ವರೆಗೆ

ವಿಡಿಯೋ ನೋಡಲು ಪುರುಸೊತ್ತಿಲ್ಲದವರಿಗೆ, ಹಿಂಜವಡಿ ಬಸ್ಸಿನಲ್ಲಿ ಕೂತು ಓದುವವರಿಗೆ, ಈ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತನಾಡಿದ್ದನ್ನೇ ಸ್ವಲ್ಪ ತಿದ್ದಿ ಬರೆದಿದ್ದೇನೆ. ಲೆಕ್ಕಗಳನ್ನು ಇನ್ನಷ್ಟು ಬಿಡಿಸಿ ಹೇಳಿದ್ದೇನೆ.

ಇವತ್ತಿನ ಪ್ರಶ್ನೆ ಒಂದೇ. ಬೋರ್‌ವೆಲ್ಲಿನ ಉಪ್ಪುನೀರನ್ನು ಆರ್‌ಓ ಯಂತ್ರ ಸಿಹಿ ಮಾಡುತ್ತದೆ, ಸರಿ. ಆ ಉಪ್ಪು ಎಲ್ಲಿಗೆ ಹೋಗುತ್ತದೆ?

ಸಮುದ್ರದ ಪಕ್ಕದ ಊರಾದರೆ ಉತ್ತರ ಸುಲಭ. ಚೆನ್ನೈನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುತ್ತಾರೆ, ಉಳಿದ ಗಟ್ಟಿ ಉಪ್ಪುನೀರು ಮತ್ತೆ ಸಮುದ್ರಕ್ಕೆ ಹೋಗುತ್ತದೆ. ಅದರಲ್ಲೂ ತಕರಾರುಗಳಿವೆ, ಆದರೆ ಹೋಗಲು ಒಂದು ದಾರಿಯಂತೂ ಇದೆ. ಒಳನಾಡಿನಲ್ಲಿ? ಪುಣೆಯಲ್ಲಿ, ಗದಗದಲ್ಲಿ, ಪಾವಗಡದಲ್ಲಿ? ಇಲ್ಲಿ ಸಮುದ್ರ ಇಲ್ಲ. ಆದರೂ ಪ್ರತಿದಿನ ಲಕ್ಷಾಂತರ ಲೀಟರ್ ರಿಜೆಕ್ಟ್ ನೀರು ಎಲ್ಲಿಗೋ ಹೋಗುತ್ತಲೇ ಇದೆ. ಈ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾವು ಬಾಡಿಗೆ ಕಟ್ಟಿಕೊಂಡು ಬದುಕುತ್ತಿರುವ ಇದೇ ಪುಣೆ ಜಿಲ್ಲೆಯಲ್ಲಿ.

ಮೊದಲು ಲೆಕ್ಕ

ನಾನು ಎಂಟೆಕ್ ಮಾಡಿ ಸಾಫ್ಟ್‌ವೇರಿಗೆ ಬಂದವನು, ನೀರಿನ ತಜ್ಞ ಅಲ್ಲ. ಆದರೆ ಇದಕ್ಕೆ ಬೇಕಾದದ್ದು ಹೈಸ್ಕೂಲಿನ ಕೂಡು-ಕಳೆ ಅಷ್ಟೇ.

ಒಂದು ಲೀಟರಿಗೆ 1,500 ಮಿಲಿಗ್ರಾಂ ಲವಣ ಇರುವ ಬೋರ್‌ವೆಲ್ ನೀರು ಅಂತ ಇಟ್ಟುಕೊಳ್ಳಿ. ಇದನ್ನೇ ಟಿಡಿಎಸ್ 1,500 ಅನ್ನುತ್ತಾರೆ. ಸಾವಿರ ಲೀಟರಿನಲ್ಲಿ ಒಂದೂವರೆ ಕಿಲೋ ಲವಣ ಆಯಿತು. ಯಂತ್ರ ಅರ್ಧ ನೀರನ್ನು ಸಿಹಿ ಮಾಡಿ, ಅರ್ಧವನ್ನು ಹೊರಗೆ ಬಿಡುತ್ತದೆ ಅನ್ನೋಣ. ಸಿಹಿ ನೀರಿನಲ್ಲಿ ಲೀಟರಿಗೆ 75 ಮಿಲಿಗ್ರಾಂ ಉಳಿದರೆ, 500 ಲೀಟರಿನಲ್ಲಿ 37 ಗ್ರಾಂ. ಮಿಕ್ಕ 1,460 ಗ್ರಾಂ ಎಲ್ಲಿದೆ? ಹೊರಗೆ ಬಿಟ್ಟ 500 ಲೀಟರಿನಲ್ಲಿ. ಅಂದರೆ ಅದರ ಟಿಡಿಎಸ್ ಈಗ ಸುಮಾರು 2,900.

"ನಮ್ಮ ಯಂತ್ರ ಶೇ. 75 ನೀರು ಉಳಿಸುತ್ತೆ" ಅಂತ ಮಾರುವವರು ಹೇಳುತ್ತಾರೆ. ಒಳ್ಳೆಯದೇ, ನೀರು ಉಳಿಯುತ್ತದೆ. ಉಪ್ಪು ಕಮ್ಮಿ ಆಯಿತಾ? ಇಲ್ಲ. ಅದೇ ಒಂದೂವರೆ ಕಿಲೋ ಈಗ 250 ಲೀಟರಿನಲ್ಲಿ ಕೂತಿದೆ. ಟಿಡಿಎಸ್ 5,700 ದಾಟಿದೆ. ಯಂತ್ರ ಎಷ್ಟೇ ಜಾಣನಾಗಿರಲಿ, ಒಂದು ಗ್ರಾಂ ಉಪ್ಪನ್ನೂ ಮಾಯ ಮಾಡುವುದಿಲ್ಲ. ಅದು ಮಾಡುವುದು ಪಾಲು ಹಂಚಿಕೆ: ಈ ಕಡೆ ನೀರು, ಆ ಕಡೆ ಉಪ್ಪು. "ಈ ಕಡೆ" ಯಾರು ಅಂತ ನಮಗೆ ಗೊತ್ತು, ನಾವೇ. "ಆ ಕಡೆ" ಯಾರು?

ನೀರಾ ಕಣಿವೆ, 1885

ಪುಣೆಯಿಂದ ಆಗ್ನೇಯಕ್ಕೆ ಹೋದರೆ ಬಾರಾಮತಿ, ಇಂದಾಪುರ. ಇಂದು ಕಬ್ಬು, ದ್ರಾಕ್ಷಿ, ಸಕ್ಕರೆ ಕಾರ್ಖಾನೆಗಳ ನಾಡು. ಒಂದೂವರೆ ಶತಮಾನದ ಹಿಂದೆ ಇದು ಬರದ ನಾಡು. 1876-77ರ ದೊಡ್ಡ ಬರಗಾಲದಲ್ಲಿ ಕಾಮಗಾರಿ ಶುರುವಾಗಿ, 1885ರಲ್ಲಿ ನೀರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯಿತು. ಭಾಟ್‌ಘರ್ ಅಣೆಕಟ್ಟಿನ ನೀರು ಎರೆಭೂಮಿಗೆ ಬಂತು. ರೈತರು ಜೋಳ ಬಿಟ್ಟು ಕಬ್ಬಿಗೆ ಇಳಿದರು.

ಕಾಲುವೆಯ ನೀರು ಸಿಹಿ ನೀರೇ. ಸಹ್ಯಾದ್ರಿಯ ಮಳೆ ನೀರು. ಆದರೂ ಕೆಲವೇ ವರ್ಷಗಳಲ್ಲಿ ತಗ್ಗಿನ ಹೊಲಗಳ ಮೇಲೆ ಬಿಳಿ ಪುಡಿ ಕಾಣಿಸಿಕೊಂಡಿತು. ಮರಾಠಿಯಲ್ಲಿ ಇಂಥ ಕೆಟ್ಟ ನೆಲಕ್ಕೆ ಚೋಪಣ ಅನ್ನುತ್ತಾರೆ. ನಮ್ಮಲ್ಲಿ ಸವಳು, ಕೆಲವು ಕಡೆ ಚೌಳು, ಕರಲು. ಹೆಸರು ಬೇರೆ, ನೆಲದ ಸಂಕಟ ಒಂದೇ.

ಆದದ್ದು ಇಷ್ಟು. ಎರೆಮಣ್ಣಿನಲ್ಲಿ, ಅದರ ಕೆಳಗಿನ ಮುರುಮ್‌ನಲ್ಲಿ, ಅಂದರೆ ನಮ್ಮ ಕಡೆ ಗರಸು ಅನ್ನುವ ಪದರದಲ್ಲಿ, ಲವಣ ಮೊದಲೇ ಇತ್ತು. ಬರದ ನಾಡಿನಲ್ಲಿ ಅದನ್ನು ತೊಳೆದು ಒಯ್ಯುವಷ್ಟು ಮಳೆ ಇಲ್ಲ. ಕಾಲುವೆ ಬಂದ ಮೇಲೆ ಇಂಗಿದ ನೀರು ಅಂತರ್ಜಲವನ್ನು ಮೇಲಕ್ಕೆತ್ತಿತು. ನೀರು ನೆಲದ ಮೇಲ್ಮೈಗೆ ಹತ್ತಿರ ಬಂದಾಗ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಮಣ್ಣಿನಲ್ಲಿ ಏರಿತು. ಬಿಸಿಲು ನೀರನ್ನು ಒಯ್ದಿತು, ಉಪ್ಪನ್ನು ಬಿಟ್ಟಿತು. ನೋಡಿ, ಇದೂ ಒಂದು ಆರ್‌ಓ ಯಂತ್ರವೇ. ಗಿಡ ಮತ್ತು ಬಿಸಿಲು ಶುದ್ಧ ನೀರನ್ನು ತೆಗೆದುಕೊಂಡವು. ರಿಜೆಕ್ಟ್ ಹೊಲದಲ್ಲೇ ಉಳಿಯಿತು.

ಆಗ ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದವರು ಹೆರಾಲ್ಡ್ ಮ್ಯಾನ್ ಎಂಬ ರಸಾಯನಶಾಸ್ತ್ರಜ್ಞ. ಅವರೂ ವಿ. ಎ. ತಾಮ್ಹಣೆ ಎಂಬವರೂ ಸೇರಿ 1910ರಲ್ಲಿ ನೀರಾ ಕಣಿವೆಯ ಉಪ್ಪು ನೆಲಗಳ ಬಗ್ಗೆಯೇ ಒಂದು ಸರ್ಕಾರಿ ವರದಿ ಪ್ರಕಟಿಸಿದರು. ಕಾಲುವೆ ತೆರೆದು ಬರೀ 25 ವರ್ಷ ಆಗಿತ್ತು, ಗಮನಿಸಿ. ಇದೇ ಮ್ಯಾನ್ 1917ರಲ್ಲಿ ಪುಣೆ ಪಕ್ಕದ ಒಂದು ಹಳ್ಳಿಯ ಭೂಮಿ ಮತ್ತು ದುಡಿಮೆಯ ಬಗ್ಗೆ ಪುಸ್ತಕ ತಂದರು. ಆ ಹಳ್ಳಿ ಯಾವುದು ಗೊತ್ತಾ? ಪಿಂಪಳೆ ಸೌದಾಗರ್! ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ಅಲ್ಲಿನ ಟವರುಗಳಲ್ಲಿ ಇದ್ದೀರೋ.

1916ರಲ್ಲಿ ಮುಂಬೈ ಪ್ರಾಂತ್ಯದ ಸರ್ಕಾರ ನೀರಾವರಿಯ ಇಂಥ ಪ್ರಶ್ನೆಗಳಿಗಾಗಿ ಒಂದು ವಿಶೇಷ ಘಟಕ ತೆರೆಯಿತು. ಅದೇ ಬೆಳೆದು ಇವತ್ತು ಖಡಕ್‌ವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಆಗಿದೆ. ಸಿಂಹಗಡಕ್ಕೆ ಹೋಗುವಾಗ ಅದರ ಗೇಟನ್ನು ನಾವೆಲ್ಲ ನೋಡಿರುತ್ತೇವೆ. ಅದನ್ನು ಕಟ್ಟಿ ಬೆಳೆಸಿದ ಎಂಜಿನಿಯರ್ ಕ್ಲಾಡ್ ಇಂಗ್ಲಿಸ್ ನೀರಾ ಮತ್ತಿತರ ದಖ್ಖನ್ ಕಾಲುವೆಗಳ ಸವಳಿನ ಹಿಂದೆ ವರ್ಷಗಟ್ಟಲೆ ಬಿದ್ದರು. ಅವರ ಉತ್ತರ ಬಸಿಗಾಲುವೆ. ಮೇಲಿನ ಎರೆಮಣ್ಣು ನೀರು ಬಿಡುವುದಿಲ್ಲ, ಹಾಗಾಗಿ ಕೆಳಗಿನ ಮುರುಮ್ ಪದರದವರೆಗೆ ಅಗೆದು, ಅಲ್ಲಿಂದ ಉಪ್ಪುನೀರನ್ನು ಬಸಿದು ಹಳ್ಳಕ್ಕೆ ಬಿಡಬೇಕು.

ಆ ತಲೆಮಾರು ಕಲಿತ ಪಾಠವನ್ನು ಒಂದು ಸಾಲಿನಲ್ಲಿ ಹೇಳಬಹುದು: ನೀರು ತರುವ ಕಾಲುವೆ ಕಟ್ಟಿದರೆ ಅರ್ಧ ಕೆಲಸ ಆಯಿತು, ಉಪ್ಪು ಒಯ್ಯುವ ಕಾಲುವೆಯೂ ಕಟ್ಟಬೇಕು. ನಮ್ಮ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ತುಂಗಭದ್ರಾ ಕಾಲುವೆ ಬಂದ ಮೇಲೆ ಇದೇ ಪಾಠ ಮತ್ತೆ ಕಲಿಯಬೇಕಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಇವತ್ತಿಗೂ ಕೆಲಸ ನಡೆಯುತ್ತಿದೆ.

ಇಂಗ್ಲಿಸರ ಬಸಿಗಾಲುವೆ ಉಪ್ಪನ್ನು ಹಳ್ಳಕ್ಕೆ ಬಿಟ್ಟಿತು. ಹಳ್ಳ ನೀರಾ ನದಿಗೆ. ನೀರಾ ನರಸಿಂಗಪುರದಲ್ಲಿ ಭೀಮೆಗೆ. ಭೀಮೆ ಎಲ್ಲಿಗೆ ಹೋಗುತ್ತಾಳೆ ಅಂತ ಕನ್ನಡದವರಿಗೆ ಹೇಳಬೇಕಿಲ್ಲ. ಈ ಎಳೆ ಕೈಯಲ್ಲಿರಲಿ, ಆಮೇಲೆ ಬೇಕಾಗುತ್ತದೆ.

ಉಪ್ಪು ಬೇಕಾಗಿದ್ದ ಕಾಲ

ಇಲ್ಲೊಂದು ತಮಾಷೆ ಇದೆ. ನಮ್ಮ ಒಳನಾಡಿನಲ್ಲಿ ಸವಳು ಮಣ್ಣು ಒಂದು ಕಾಲದಲ್ಲಿ ಕಸ ಆಗಿರಲಿಲ್ಲ, ಕಚ್ಚಾ ಮಾಲಾಗಿತ್ತು. ಸಮುದ್ರದಿಂದ ದೂರದ ಊರಿಗೆ ಉಪ್ಪು ಎತ್ತಿನ ಮೇಲೆ ಬರಬೇಕಿತ್ತು, ದುಬಾರಿ. ಹಾಗಾಗಿ ಉಪ್ಪಾರ ಸಮುದಾಯದವರು ಮಣ್ಣಿನಿಂದಲೇ ಉಪ್ಪು ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಸವಳು ನೆಲದ ಮೇಲಿನ ಮಣ್ಣು ಕೆರೆದು ಗುಡ್ಡೆ ಹಾಕಿ, ಗುಂಡಿಯಲ್ಲಿ ತುಂಬಿ, ಮೇಲೆ ನೀರು ಹೊಯ್ದು, ಕೆಳಗೆ ಬಸಿದು ಬಂದ ಗಟ್ಟಿ ಉಪ್ಪುನೀರನ್ನು ಗಾರೆ ಹಾಕಿದ ಕಣದಲ್ಲಿ ಒಣಗಿಸುವುದು. ಶ್ರೀರಂಗಪಟ್ಟಣ ಬಿದ್ದ ಮೇಲೆ, 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಮಣ್ಣುಪ್ಪಿನ ಕಸುಬನ್ನು ಕಂಡು ಬರೆದಿದ್ದಾನೆ. ಬಳ್ಳಾರಿ ಸೀಮೆಯಲ್ಲೂ ಇದು ದೊಡ್ಡ ಕಸುಬಾಗಿತ್ತು. ಬ್ರಿಟಿಷರ ಉಪ್ಪಿನ ತೆರಿಗೆಗೆ ಇದು ಅಡ್ಡ ಬಂತು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಅದನ್ನು ಅದುಮಿ ಹಾಕಿದರು. ಉಪ್ಪಾರಹಳ್ಳಿ ಅನ್ನುವ ಹೆಸರಿನ ಊರುಗಳು ಎಷ್ಟೋ ಕಡೆ ಉಳಿದಿವೆ.

ಹಾಗಾದರೆ ಇವತ್ತಿನ ಆರ್‌ಓ ರಿಜೆಕ್ಟ್ ನೀರನ್ನೂ ಒಣಗಿಸಿ ಉಪ್ಪು ಮಾರಬಹುದಲ್ಲ? ಆಗಲ್ಲ. ಬೋರ್‌ವೆಲ್ ನೀರಿನ ಲವಣ ಅಡುಗೆ ಉಪ್ಪಲ್ಲ. ಅದರಲ್ಲಿ ಸುಣ್ಣ, ಮೆಗ್ನೀಷಿಯಂ, ಸಲ್ಫೇಟ್, ಗೊಬ್ಬರದಿಂದ ಇಳಿದ ನೈಟ್ರೇಟ್, ಕೆಲವು ಕಡೆ ಫ್ಲೋರೈಡ್ ಎಲ್ಲ ಕಲೆತಿವೆ. ಬೇರೆ ಬೇರೆ ಮಾಡಲು ತಗಲುವ ಖರ್ಚು ಅದರ ಬೆಲೆಗಿಂತ ಹೆಚ್ಚು. ಉಪ್ಪಾರರಿಗೆ ಉಪ್ಪು ಬೇಕಿತ್ತು, ಮಣ್ಣು ಕಸ. ನಮಗೆ ನೀರು ಬೇಕು, ಉಪ್ಪು ಕಸ.

ಪೊರೆ ಹುಟ್ಟಿದ್ದು

1959ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟಿನಿಂದ ಒಂದು ಪೊರೆ ಮಾಡಿದರು. ನೀರನ್ನು ಒತ್ತಡದಿಂದ ದೂಡಿದರೆ ನೀರು ದಾಟುತ್ತದೆ, ಲವಣ ದಾಟುವುದಿಲ್ಲ. ಅದಕ್ಕೂ ಮೊದಲಿನ ಪೊರೆಗಳಲ್ಲಿ ನೀರು ಹನಿ ಹನಿಯಾಗಿ ಬರುತ್ತಿತ್ತು. ಇವರ ಪೊರೆಯಲ್ಲಿ ಬಳಕೆಗೆ ಸಾಲುವಷ್ಟು ಬಂತು.

ಇದರ ಮೊದಲ ಸಾರ್ವಜನಿಕ ಘಟಕ ಸಮುದ್ರದ ದಂಡೆಯಲ್ಲಿ ಶುರುವಾಗಲಿಲ್ಲ. 1965ರಲ್ಲಿ ಕ್ಯಾಲಿಫೋರ್ನಿಯಾದ ಒಳನಾಡಿನ ಕೋಲಿಂಗಾ ಎಂಬ ಸಣ್ಣ ಊರಿನಲ್ಲಿ ಶುರುವಾಯಿತು. ಅಲ್ಲಿನ ಅಂತರ್ಜಲ ಉಪ್ಪು, ಹಿಂದೆ ಕುಡಿಯುವ ನೀರು ರೈಲಿನಲ್ಲಿ ಬರುತ್ತಿತ್ತು. ದಿನಕ್ಕೆ ಸುಮಾರು 20,000 ಲೀಟರ್ ಸಿಹಿ ನೀರು ಕೊಡುವ ಘಟಕ ಅದು. ಅಂದರೆ ನಮ್ಮ ಹಳ್ಳಿಗಳಲ್ಲಿ ಇವತ್ತು ಇರುವ ಘಟಕಗಳ ಅಜ್ಜ. ಆರ್‌ಓ ತಂತ್ರಜ್ಞಾನ ಹುಟ್ಟಿದ್ದೇ ಬೋರ್‌ವೆಲ್ ನೀರಿಗೆ ಅಂದರೂ ತಪ್ಪಿಲ್ಲ. ಹಾಗೆಯೇ ರಿಜೆಕ್ಟ್ ನೀರಿನ ಪ್ರಶ್ನೆಯೂ ಅದೇ ದಿನ ಹುಟ್ಟಿತು.

ನಮ್ಮಲ್ಲಿ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆ ಪೊರೆಗಳ ಕೆಲಸ ಕೈಗೆತ್ತಿಕೊಂಡಿತು. 1986ರಲ್ಲಿ ಶುರುವಾದ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್ನಿನಲ್ಲಿ ಉಪ್ಪುನೀರಿನ ಹಳ್ಳಿಗಳೂ ಫ್ಲೋರೈಡ್ ಹಳ್ಳಿಗಳೂ ಪಟ್ಟಿಗೆ ಸೇರಿದವು. ಕರ್ನಾಟಕದಲ್ಲಿ ಇದು ದೊಡ್ಡದಾಗಿ ನಡೆದದ್ದು 2013ರ ನಂತರ, ಗದಗಿನ ಎಚ್. ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ. "ಶುದ್ಧ ಕುಡಿಯುವ ನೀರಿನ ಘಟಕ" ಅಂತ ನೀಲಿ ಬೋರ್ಡು, ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್. ರಾಜ್ಯದಲ್ಲಿ ಇಂಥವು ಸಾವಿರಾರು ಎದ್ದವು.

ನಮ್ಮೂರಿನ ಗಟಾರ

ನಾನು ಮುಂಡರಗಿ ತಾಲ್ಲೂಕಿನವನು. ಫ್ಲೋರೈಡ್ ಅಂದರೆ ಏನು ಅಂತ ನಮ್ಮ ಕಡೆ ಪುಸ್ತಕ ನೋಡಿ ತಿಳಿಯಬೇಕಿಲ್ಲ. ನಮ್ಮ ದೊಡ್ಡಪ್ಪ ಅರವತ್ತಕ್ಕೇ ಕೋಲು ಹಿಡಿದರು, ಕುತ್ತಿಗೆ ತಿರುಗಿಸಲು ಮೈಯನ್ನೇ ತಿರುಗಿಸುತ್ತಿದ್ದರು. ನನ್ನ ಓರಗೆಯವರ ಹಲ್ಲಿನ ಮೇಲಿನ ಹಳದಿ ಗೆರೆ ಸೆಲ್ಫಿಯಲ್ಲೂ ಕಾಣುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನದಂಡ ಹೇಳುತ್ತದೆ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಆ ಘಟಕ ಬಂದದ್ದು ಒಳ್ಳೆಯದೇ ಆಯಿತು. ಕೊಡ ಹಿಡಿದು ಸಾಲಿನಲ್ಲಿ ನಿಂತ ನಮ್ಮ ಚಿಗವ್ವನಿಗೆ "ರಿಜೆಕ್ಟ್ ನೀರು ಪರಿಸರಕ್ಕೆ ಹಾನಿ" ಅಂತ ಪುಣೆಯಿಂದ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದರೆ ಘಟಕದ ಹಿಂದಿನ ಪೈಪು ಎಲ್ಲಿಗೆ ಹೋಗುತ್ತದೆ ಅಂತ ನೋಡಿದ್ದೇನೆ. ಅದು ಗಟಾರಕ್ಕೆ ಬೀಳುತ್ತದೆ. ಗಟಾರ ಇಪ್ಪತ್ತು ಹೆಜ್ಜೆ ಆಚೆ ನಿಲ್ಲುತ್ತದೆ. ಅಲ್ಲಿ ಎಮ್ಮೆ ಕುಡಿಯುತ್ತವೆ. ಮಿಕ್ಕದ್ದು ಇಂಗುತ್ತದೆ. ಅದರ ಪಕ್ಕದಲ್ಲೇ ಒಂದು ಕೈಪಂಪು, ಸ್ವಲ್ಪ ಆಚೆ ಘಟಕದ್ದೇ ಬೋರ್‌ವೆಲ್.

ಲೆಕ್ಕ ಹಾಕೋಣ. 300 ಮನೆ, ಮನೆಗೆ ದಿನಕ್ಕೆ 20 ಲೀಟರ್. 6,000 ಲೀಟರ್ ಸಿಹಿ ನೀರಿಗೆ 6,000 ಲೀಟರ್ ರಿಜೆಕ್ಟ್. ಮೇಲಿನ ಟಿಡಿಎಸ್ ಲೆಕ್ಕದಲ್ಲೇ ದಿನಕ್ಕೆ ಸುಮಾರು 17.5 ಕಿಲೋ ಲವಣ, ವರ್ಷಕ್ಕೆ ಆರು ಟನ್ನಿಗೂ ಹೆಚ್ಚು. ಮೂಲ ನೀರಿನಲ್ಲಿ ಫ್ಲೋರೈಡ್ 3 ಇದ್ದರೆ ರಿಜೆಕ್ಟಿನಲ್ಲಿ 6ರ ಹತ್ತಿರ. ಎಮ್ಮೆ ಕುಡಿಯುತ್ತಿರುವುದು ಅದನ್ನು. ದನಗಳಿಗೂ ಫ್ಲೋರೈಡಿನಿಂದ ಹಲ್ಲು, ಮೂಳೆ ಹೋಗುತ್ತವೆ.

ಇಲ್ಲಿ ಉತ್ಪ್ರೇಕ್ಷೆ ಬೇಡ. ಈ ಉಪ್ಪು ಹೊರಗಿನಿಂದ ಬಂದದ್ದಲ್ಲ, ಅದೇ ನೆಲದಿಂದ ಎತ್ತಿದ್ದು. ಇಡೀ ಊರಿನ ಅಂತರ್ಜಲವನ್ನು ಒಂದು ಘಟಕ ಕೆಡಿಸುವುದಿಲ್ಲ. ನೀರಾವರಿ ಬೋರ್‌ವೆಲ್ಲುಗಳು ಎತ್ತುವ ನೀರಿನ ಮುಂದೆ ಘಟಕದ ನೀರು ಏನೂ ಅಲ್ಲ. ಆದರೆ ಹರಡಿಕೊಂಡಿದ್ದ ಉಪ್ಪನ್ನು ಒಟ್ಟುಗೂಡಿಸಿ ಒಂದೇ ಜಾಗದಲ್ಲಿ ಸುರಿಯುವುದು, ಅದೂ ಬಾಯಿ ಕಟ್ಟಲಾರದ ಪ್ರಾಣಿಗಳ ಎದುರಿಗೆ, ಬೇರೆಯೇ ವಿಷಯ. ಘಟಕದ ಅಂದಾಜು ಪಟ್ಟಿಯಲ್ಲಿ ಶೆಡ್ಡಿಗೆ, ಪಂಪಿಗೆ, ಬೋರ್ಡಿಗೆ ದುಡ್ಡಿರುತ್ತದೆ. ಹಿಂದಿನ ಪೈಪಿಗೆ ಒಂದು ಸಾಲೂ ಇರುವುದಿಲ್ಲ. 1910ರಲ್ಲಿ ಬರೆದಿಟ್ಟ ಪಾಠ ನೂರು ವರ್ಷ ಕಳೆದ ಮೇಲೂ ಅಂದಾಜು ಪಟ್ಟಿಯ ಒಳಗೆ ಬಂದಿಲ್ಲ.

ಬೇರೆಯವರು ಏನು ಮಾಡಿದರು?

ಟೆಕ್ಸಾಸಿನ ಎಲ್ ಪಾಸೊ ಮರುಭೂಮಿಯ ಊರು. ಅಲ್ಲಿ 2007ರಲ್ಲಿ ದಿನಕ್ಕೆ ಸುಮಾರು 10 ಕೋಟಿ ಲೀಟರ್ ಕೊಡುವ ಒಳನಾಡಿನ ದೊಡ್ಡ ಘಟಕ ಕಟ್ಟಿದರು. ರಿಜೆಕ್ಟ್ ನೀರನ್ನು ಪೈಪಿನಲ್ಲಿ 35 ಕಿಲೋಮೀಟರ್ ದೂರ ಒಯ್ದು, ಮೊದಲೇ ಉಪ್ಪಾಗಿರುವ ಆಳದ ಬಂಡೆಗಳಿಗೆ ಇಳಿಸುತ್ತಾರೆ. ನಮ್ಮಲ್ಲಿ ಇದು ಕಷ್ಟ. ದಖ್ಖನ್ನಿನ ಕಪ್ಪು ಬಂಡೆಯಲ್ಲಿ, ನಮ್ಮ ಕಡೆಯ ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ. ಒಂದು ಬಿರುಕಿಗೆ ಇಳಿಸಿದ್ದು ಯಾರ ಬೋರ್‌ವೆಲ್ಲಿನಲ್ಲಿ ಮೇಲೆ ಬರುತ್ತದೆ ಅಂತ ಹೇಳಲಾಗದು.

ಬಿಸಿಲಿನಲ್ಲಿ ಆರಿಸುವ ಹೊಂಡ? ಮಳೆ ಕಳೆದು ವರ್ಷಕ್ಕೆ ಒಂದು ಮೀಟರ್ ಆರುತ್ತದೆ ಅಂದುಕೊಂಡರೆ, ನಮ್ಮೂರಿನ 6,000 ಲೀಟರಿಗೆ ಅರ್ಧ ಎಕರೆಗೂ ಹೆಚ್ಚು ಜಾಗ, ತಳಕ್ಕೆ ಸೋರದ ಹಾಳೆ, ಸುತ್ತ ಬೇಲಿ. ಆಗುವ ಕೆಲಸವೇ, ಆದರೆ ಅರ್ಧ ಎಕರೆ ಯಾರು ಬಿಡುತ್ತಾರೆ? ಇನ್ನು ಕಾರ್ಖಾನೆಗಳ ಹಾಗೆ ಯಂತ್ರದಲ್ಲಿ ಕುದಿಸಿ ಒಣಗಿಸುವುದು. ಉಪ್ಪು ಬೋರ್‌ವೆಲ್ ನೀರಿನ ಆರ್‌ಓಗೆ ಸಾವಿರ ಲೀಟರಿಗೆ ಒಂದೆರಡು ಯೂನಿಟ್ ಕರೆಂಟು ಸಾಕು. ರಿಜೆಕ್ಟ್ ನೀರನ್ನು ಆವಿ ಮಾಡಲು, ಶಾಖವನ್ನು ಮತ್ತೆ ಮತ್ತೆ ಬಳಸುವ ಒಳ್ಳೆಯ ಯಂತ್ರಕ್ಕೂ ಸಾವಿರ ಲೀಟರಿಗೆ ಇಪ್ಪತ್ತು ಯೂನಿಟ್ಟಿನ ಮೇಲೆ ಬೇಕು. ಹಂಡೆಯಲ್ಲಿ ಕುದಿಸಿದ ಹಾಗೆ ಕುದಿಸಿದರೆ ಆರುನೂರು ದಾಟುತ್ತದೆ.

ಆದರೆ ನನಗೆ ಹೆಚ್ಚು ಕಾಡಿದ ಕತೆ ಕೊಲೊರಾಡೊ ನದಿಯದು. ಅಮೆರಿಕದಲ್ಲಿ ಹುಟ್ಟಿ ಮೆಕ್ಸಿಕೋಗೆ ಹೋಗುವ ನದಿ. 1944ರ ಒಪ್ಪಂದದಲ್ಲಿ ಮೆಕ್ಸಿಕೋಗೆ ಎಷ್ಟು ನೀರು ಬಿಡಬೇಕು ಅಂತ ಬರೆದರು. ಅದರಲ್ಲಿ ಎಷ್ಟು ಉಪ್ಪಿರಬಹುದು ಅಂತ ಬರೆಯಲಿಲ್ಲ. 1961ರಲ್ಲಿ ಅರಿಜೋನಾದ ವೆಲ್ಟನ್-ಮೊಹಾಕ್ ಪ್ರದೇಶದ ರೈತರ ಹೊಲದ ಸವಳು ನೀರನ್ನು ಪಂಪು ಮಾಡಿ ನದಿಗೆ ಬಿಡತೊಡಗಿದರು. ಅದೂ ಬಸಿಗಾಲುವೆಯೇ. ಮೆಕ್ಸಿಕೋ ಗಡಿಯಲ್ಲಿ ನೀರಿನ ಉಪ್ಪು ಕೆಲವೊಮ್ಮೆ ಲೀಟರಿಗೆ 2,500 ಮಿಲಿಗ್ರಾಂ ದಾಟಿತು. ಮೆಹಿಕಾಲಿ ಕಣಿವೆಯಲ್ಲಿ ಬೆಳೆ ಹಾಳಾಯಿತು, ರೈತರು ಬೀದಿಗಿಳಿದರು. ಹನ್ನೆರಡು ವರ್ಷ ಜಗಳವಾಗಿ 1973ರಲ್ಲಿ ಉಪ್ಪಿನ ಮಿತಿಯ ಒಪ್ಪಂದ ಆಯಿತು. ಮಾತು ಉಳಿಸಿಕೊಳ್ಳಲು ಅಮೆರಿಕ ಯೂಮಾದಲ್ಲಿ ಸುಮಾರು 25 ಕೋಟಿ ಡಾಲರಿನ ಆರ್‌ಓ ಘಟಕ ಕಟ್ಟಿ 1992ರಲ್ಲಿ ಮುಗಿಸಿತು. ಅದು ಓಡಿದ್ದು ಒಂದು ವರ್ಷಕ್ಕೂ ಕಡಿಮೆ, ಮತ್ತೆ 2010-11ರಲ್ಲಿ ಪರೀಕ್ಷೆಗೆ ಒಂದು ಸಲ. ಅಷ್ಟರಲ್ಲಿ ಪ್ರತ್ಯೇಕ ಕಾಲುವೆಯಲ್ಲಿ ಹೊರಬಿಟ್ಟ ಉಪ್ಪುನೀರು ಮೆಕ್ಸಿಕೋದ ಮರುಭೂಮಿಯಲ್ಲಿ ಸಾಂತಾ ಕ್ಲಾರಾ ಎಂಬ ದೊಡ್ಡ ಜೌಗು ಪ್ರದೇಶವನ್ನೇ ಹುಟ್ಟಿಸಿತ್ತು, ಹಕ್ಕಿಗಳು ಬಂದು ನೆಲೆಸಿದ್ದವು.

ಪುಣೆಯ ಮೂಟೆ

ಈಗ ನಮ್ಮ ಸೊಸೈಟಿಗೆ ಬರೋಣ. ಪುಣೆಯ ಅಂಚಿನ ಊರುಗಳಲ್ಲಿ ಇರುವವರಿಗೆ ಕತೆ ಗೊತ್ತು: ನಳದ ನೀರು ಸಾಲದು, ಟ್ಯಾಂಕರು, ಬೋರ್‌ವೆಲ್, ಗೀಸರಿನಲ್ಲಿ ಸುಣ್ಣ, ಉದುರುವ ಕೂದಲಿನ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ಗೋಳು. ಪರಿಹಾರ ಅಂತ ಪಂಪ್‌ರೂಮಿನಲ್ಲಿ ಸಾಫ್ಟ್‌ನರ್ ಕೂರಿಸುತ್ತಾರೆ, ಮನೆಮನೆಯಲ್ಲಿ ಆರ್‌ಓ.

ಸಾಫ್ಟ್‌ನರ್ ಆರ್‌ಓ ಅಲ್ಲ. ಅದರಲ್ಲಿರುವ ರಾಳದ ಮಣಿಗಳು ನೀರಿನ ಸುಣ್ಣ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಗಟ್ಟಿ ಉಪ್ಪುನೀರು ಹಾಯಿಸಿ ತೊಳೆಯಬೇಕು. ಲೀಟರಿಗೆ 500 ಮಿಲಿಗ್ರಾಂ ಗಡಸುತನ ಇರುವ ನೀರು ದಿನಕ್ಕೆ 50,000 ಲೀಟರ್ ಸಾಫ್ಟ್ ಮಾಡಲು ಸುಮಾರು 50 ಕಿಲೋ ಉಪ್ಪು ಬೇಕಾಗುತ್ತದೆ. ದಿನಕ್ಕೊಂದು ಮೂಟೆ. ವರ್ಷಕ್ಕೆ 18 ಟನ್. ನಮ್ಮೂರಿನ ಘಟಕ ನೆಲದ ಉಪ್ಪನ್ನೇ ನೆಲಕ್ಕೆ ಬಿಡುತ್ತದೆ. ಇಲ್ಲಿ ನಾವು ದೂರದ ಸಮುದ್ರ ದಂಡೆಯ ಉಪ್ಪನ್ನು ಲಾರಿಯಲ್ಲಿ ತರಿಸಿ, ಘಟ್ಟದ ಮೇಲೆ ಗಟಾರಕ್ಕೆ ಸುರಿಯುತ್ತಿದ್ದೇವೆ, ಅದೂ ಅದರ ಮೂರು ಪಟ್ಟು. ನಮ್ಮ ಅಜ್ಜಂದಿರು ಉಪ್ಪನ್ನು ಒಳನಾಡಿಗೆ ತರುತ್ತಿದ್ದದ್ದು ತಿನ್ನಲಿಕ್ಕೆ.

ಅದು ಇಲ್ಲಿಗೇ ಮುಗಿಯುವುದಿಲ್ಲ. ಸಾಫ್ಟ್ ಆದ ನೀರಿನಲ್ಲಿ ಲೀಟರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ಬಳಸಿದ ನೀರು ಎಸ್‌ಟಿಪಿಗೆ ಹೋಗಿ, ಅಲ್ಲಿಂದ ಸೊಸೈಟಿಯ ತೋಟಕ್ಕೆ ಬರುತ್ತದೆ. ಎಸ್‌ಟಿಪಿ ಕೊಳೆ ತೆಗೆಯುತ್ತದೆ, ಸೋಡಿಯಂ ತೆಗೆಯುವುದಿಲ್ಲ. ಎರೆಮಣ್ಣಿಗೆ ಸೋಡಿಯಂ ಸೇರಿದರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ, ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು. ನೀರು ಇಂಗುವುದಿಲ್ಲ. ಅದಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೆ? ಚೋಪಣ. ಹೆರಾಲ್ಡ್ ಮ್ಯಾನ್ ಬಾರಾಮತಿಯಲ್ಲಿ ಕಂಡದ್ದನ್ನು ನಾವು ಕ್ಲಬ್ ಹೌಸಿನ ಹಿಂದೆ ಬೆಳೆಸುತ್ತಿದ್ದೇವೆ. ಮಾಲಿ ಪ್ರತಿ ವರ್ಷ ಹೊಸ ಮಣ್ಣು ತರಿಸುತ್ತಾನೆ, ನಾವು ಗೊಬ್ಬರ ಸಾಲದು ಅಂದುಕೊಳ್ಳುತ್ತೇವೆ.

ಮಿಕ್ಕದ್ದು ನಾಲೆಗೆ. ನಾಲೆ ಮುಳಾ-ಮುಠಾಕ್ಕೆ. ಅದು ದೌಂಡ್ ತಾಲ್ಲೂಕಿನಲ್ಲಿ ಭೀಮೆಗೆ. ಭೀಮೆ ಉಜನಿ ಜಲಾಶಯಕ್ಕೆ, ಅಲ್ಲಿಂದ ಸೊಲ್ಲಾಪುರ ಜಿಲ್ಲೆ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ, ಕೊನೆಗೆ ರಾಯಚೂರು ಹತ್ತಿರ ಕೃಷ್ಣೆಗೆ. ಈ ದಖ್ಖನ್ನಿನಿಂದ ಉಪ್ಪು ಸಮುದ್ರ ಸೇರಲು ಇರುವ ದಾರಿ ಇದೊಂದೇ, ಆ ದಾರಿಯಲ್ಲಿ ನಮ್ಮ ಜನ ಇದ್ದಾರೆ. ಮಳೆಗಾಲದ ಪ್ರವಾಹದಲ್ಲಿ ನಮ್ಮ ಮೂಟೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮಾರ್ಚ್, ಏಪ್ರಿಲಿನಲ್ಲಿ ನದಿ ಮಡುಗಟ್ಟಿದಾಗ, ಸಾವಿರಾರು ಸೊಸೈಟಿಗಳ ಮೂಟೆ ಒಟ್ಟಾದಾಗ? ಅಫಜಲಪುರದ ರೈತನ ಪಂಪು ಎತ್ತುವುದು ಅದೇ ನೀರನ್ನು. ಕೃಷ್ಣಾ ಕಣಿವೆಯಲ್ಲಿ ರಾಜ್ಯಗಳು ಜಗಳ ಆಡುವುದು ಟಿಎಂಸಿ ಲೆಕ್ಕದಲ್ಲಿ. ಒಂದು ಟಿಎಂಸಿ ನೀರಿನ ಜತೆ ಎಷ್ಟು ಉಪ್ಪು ಬರುತ್ತದೆ ಅಂತ ಕೇಳುವವರು ಕಡಿಮೆ. ಮೆಕ್ಸಿಕೋ ಕೇಳಿತು.

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಅನ್ನುತ್ತಾರೆ. ಇಲ್ಲಿ ಉಪ್ಪು ಬಿಟ್ಟವರು ಒಬ್ಬರು, ನೀರು ಕುಡಿಯುವವರು ಇನ್ನೊಬ್ಬರು.

ಹಾಗಾದರೆ ಏನು ಮಾಡೋಣ?

ಇತಿಹಾಸ ನೋಡಿದರೆ ಒಂದು ಮಾತು ಸ್ಪಷ್ಟ: ಉಪ್ಪನ್ನು ಬೇರ್ಪಡಿಸಿದ ಮೇಲೆ ಎಲ್ಲ ದಾರಿಯೂ ದುಬಾರಿ. ಅಗ್ಗದ ದಾರಿ ಬೇರ್ಪಡಿಸಬೇಕಾದ ಉಪ್ಪನ್ನೇ ಕಡಿಮೆ ಮಾಡುವುದು.

ಊರಿಗೆ: 600 ಮಿಲಿಮೀಟರ್ ಮಳೆಯಲ್ಲಿ 40 ಚದರ ಮೀಟರ್ ಸೂರಿನ ಮೇಲೆ, ಐದನೇ ಒಂದು ಭಾಗ ಪೋಲಾದರೂ, ವರ್ಷಕ್ಕೆ 19,000 ಲೀಟರ್ ನೀರು ಬೀಳುತ್ತದೆ. ದಿನಕ್ಕೆ 20 ಲೀಟರಿನಂತೆ ಮನೆಗೆ ಬೇಕಾದದ್ದು 7,300. ಮಳೆ ನೀರಿಗೆ ಫ್ಲೋರೈಡ್ ಇಲ್ಲ, ರಿಜೆಕ್ಟೂ ಇಲ್ಲ. ಹಿಂದಿನ ಮಣ್ಣಿನ ಮಾಳಿಗೆಯಲ್ಲಿ ಹಿಡಿಯುವುದು ಕಷ್ಟವಿತ್ತು. ಈಗ ಎಷ್ಟೋ ಮನೆಗೆ ಆರ್‌ಸಿಸಿ ಬಂದಿದೆ. ಖರ್ಚು ಇರುವುದು ಬೇಸಿಗೆವರೆಗೆ ಇಡುವ ತೊಟ್ಟಿಗೆ. ಊರಿಗೆ ದುಡ್ಡು ಕಳಿಸುವ ನಾವು ಟೈಲ್ಸಿಗೆ, ಗೇಟಿಗೆ ಕಳಿಸುತ್ತೇವಲ್ಲ, ಒಂದು ಸಲ ತೊಟ್ಟಿಗೆ ಕಳಿಸಬಹುದು. ಆರ್‌ಓ ಘಟಕ ಇರಲಿ, ಆದರೆ ಅದರ ರಿಜೆಕ್ಟ್ ಪೈಪು ದನದ ತೊಟ್ಟಿ, ಕೈಪಂಪುಗಳಿಂದ ದೂರ ಹೋಗಲಿ.

ಇಲ್ಲಿಗೆ: ಪಾಲಿಕೆಯ ಖಡಕ್‌ವಾಸ್ಲಾ ನೀರು ಬರುವ ಮನೆಗೆ ಆರ್‌ಓ ಬೇಕೇ ಇಲ್ಲ. ಸೋಸಿ, ಅನುಮಾನ ಇದ್ದರೆ ಕುದಿಸಿ ಕುಡಿದರೆ ಸಾಕು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೂಡ ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ನಿಷೇಧಿಸಿ ಅಂತ ಸರ್ಕಾರಕ್ಕೆ ಹೇಳಿತ್ತು. ಬೋರ್‌ವೆಲ್ ನೀರಿಗೆ ನಳದ ನೀರು, ಮಳೆ ನೀರು ಬೆರೆಸಿದರೆ ಗಡಸುತನ ಅರ್ಧಕ್ಕೆ ಇಳಿಯುತ್ತದೆ. ಸಾವಿರ ಚದರ ಮೀಟರ್ ಟೆರೇಸಿನಲ್ಲಿ 700 ಮಿಲಿಮೀಟರ್ ಮಳೆಗೆ ಐದೂವರೆ ಲಕ್ಷ ಲೀಟರ್ ಸಿಗುತ್ತದೆ. ಸಾಫ್ಟ್‌ನರ್ ಬೇಕೇ ಬೇಕು ಅಂದರೆ ಗೀಸರಿಗೆ ಹೋಗುವ ನೀರಿಗೆ ಮಾತ್ರ ಸಾಕು, ಫ್ಲಶ್ಶಿಗೆ ಯಾಕೆ? ಗಡಸುತನವನ್ನು ಸೊನ್ನೆಗೆ ಇಳಿಸಬೇಕಿಲ್ಲ, 150-200ಕ್ಕೆ ನಿಲ್ಲಿಸಿದರೂ ಕೂದಲು, ಗೀಸರ್ ಎರಡೂ ಉಳಿಯುತ್ತವೆ. ಮಣಿ ತೊಳೆಯುವುದು ಗಡಿಯಾರದ ಪ್ರಕಾರ ಬೇಡ, ಹರಿದ ನೀರಿನ ಮೀಟರ್ ಪ್ರಕಾರ ಆಗಲಿ. ಇಷ್ಟರಲ್ಲೇ ಮೂಟೆಗಳ ಸಂಖ್ಯೆ ಅರ್ಧ ಆಗುತ್ತದೆ.

ನಮ್ಮ ಸೊಸೈಟಿಯಲ್ಲಿ ಮುಂದಿನ ತಿಂಗಳು ಸಭೆ ಇದೆ. ಈಗಿರುವುದರ ಎರಡು ಪಟ್ಟು ದೊಡ್ಡ ಸಾಫ್ಟ್‌ನರ್ ಹಾಕಬೇಕು ಅನ್ನುವ ಪ್ರಸ್ತಾವ ಬಂದಿದೆ. ನಾನು ವಿರೋಧಿಸಲು ಹೋಗುತ್ತಿಲ್ಲ, ಒಂದು ಹಾಳೆ ತೆಗೆದುಕೊಂಡು ಹೋಗುತ್ತಿದ್ದೇನೆ. ಎಡಗಡೆ, ವರ್ಷಕ್ಕೆ ಎಷ್ಟು ಮೂಟೆ ಒಳಗೆ ಬರುತ್ತದೆ. ಬಲಗಡೆ, ಅದು ಎಲ್ಲಿಗೆ ಹೋಗುತ್ತದೆ: ತೋಟಕ್ಕೆ ಇಷ್ಟು, ನಾಲೆಗೆ ಇಷ್ಟು. ಕೆಳಗೆ, ಮಿಶ್ರಣ ಮಾಡಿದರೆ ಎಷ್ಟು ಉಳಿಯುತ್ತದೆ, ರೂಪಾಯಿಯಲ್ಲಿ. ಭೀಮೆಯ ಹೆಸರು ಹೇಳಿದರೆ ಅಲ್ಲಿ ಎಷ್ಟು ಜನ ಕೇಳುತ್ತಾರೋ ಗೊತ್ತಿಲ್ಲ, ಮೇಂಟೆನೆನ್ಸ್ ಕಮ್ಮಿ ಆಗುತ್ತೆ ಅಂದರೆ ಎಲ್ಲರೂ ಕೇಳುತ್ತಾರೆ. ನಿಮ್ಮ ಸೊಸೈಟಿಯ ಪಂಪ್‌ರೂಮಿಗೂ ಒಮ್ಮೆ ಇಳಿದು ಮೂಟೆ ಎಣಿಸಿ ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.